ಹಿಮ್ಮಡಿ ನೋವಿನಿಂದ ಮ್ಯಾರಥಾನ್‌ವರೆಗೆ: ನಾನು ಅನುಸರಿಸಿದ ಕ್ರಮ

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅದನ್ನು ಓಡಿಯೇ ತೀರಬೇಕು ಎಂದು ಹೊರಟವರನ್ನು ಎಷ್ಟೋ ಸಲ ನಡುದಾರಿಯಲ್ಲಿ ಕೂರಿಸುವುದು ಹಿಮ್ಮಡಿಯ ಹಿಂದಿರುವ ಅಕಿಲಿಸ್ ಟೆಂಡನ್, ಅಂದರೆ ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಕಟ್ಟುವ ಗಟ್ಟಿ ನಾರಿನ ಪಟ್ಟಿ. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಬಿಗಿತ, ಸ್ವಲ್ಪ ನಡೆದರೆ ಸಡಿಲ. ಓಟ ಶುರು ಮಾಡುವಾಗ ನೋವು, ಮೈ ಬಿಸಿಯಾದರೆ ಮಾಯ, ಓಡಿ ಬಂದ ಮೇಲೆ ಮತ್ತೆ ಹಾಜರ್. ನನ್ನದೂ ಇದೇ ತೊಂದರೆ. ಅದರಿಂದ ಹೊರಬಂದು ದೂರದ ಓಟಕ್ಕೆ ಮರಳಲು ಮಾಡಿದ್ದನ್ನು ಅಳತೆ ಸಮೇತ ಬರೆಯುತ್ತಿದ್ದೇನೆ.

ಮೊದಲು ನೋವು ಎಲ್ಲಿದೆ ಎಂದು ಹುಡುಕಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಟೆಂಡನ್ ಹಿಡಿದು, ಹಿಮ್ಮಡಿಯ ಮೂಳೆಯಿಂದ ಮೇಲಕ್ಕೆ ಮೆಲ್ಲಗೆ ಒತ್ತುತ್ತಾ ಹೋಗಿ. ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ ನೋವಿದ್ದು, ಅಲ್ಲಿ ದಪ್ಪಗಾಗಿದ್ದರೆ ಅದು ನಡುಭಾಗದ ತೊಂದರೆ. ಮೂಳೆಗೆ ಅಂಟಿಕೊಂಡ ಜಾಗದಲ್ಲೇ ನೋವಿದ್ದರೆ ವ್ಯಾಯಾಮ ಸ್ವಲ್ಪ ಬೇರೆ, ಮುಂದೆ ಹೇಳುತ್ತೇನೆ. ಆದರೆ ಹಿಂದಿನಿಂದ ಯಾರೋ ಒದ್ದಂತಾಗಿ 'ಪಟ್' ಎಂದು, ಆಮೇಲೆ ಒಂಟಿಕಾಲಲ್ಲಿ ತುದಿಗಾಲಿಗೆ ಏಳಲು ಆಗದಿದ್ದರೆ ಟೆಂಡನ್ ಹರಿದಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಥರದ ಆಂಟಿಬಯೋಟಿಕ್‌ಗಳು ಟೆಂಡನ್ ಹರಿಯುವ ಅಪಾಯವನ್ನು ಹೆಚ್ಚಿಸುತ್ತವೆ. ಅವನ್ನು ತೆಗೆದುಕೊಂಡಿದ್ದರೆ ವೈದ್ಯರಿಗೆ ತಿಳಿಸಿ.

ಬರೀ ವಿಶ್ರಾಂತಿ ಸಾಲುವುದಿಲ್ಲ. ಕೂತರೆ ನೋವು ಇಳಿಯುತ್ತದೆ ನಿಜ, ಜೊತೆಗೆ ಮೀನಖಂಡದ ಬಲವೂ ಇಳಿಯುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಈ ಟೆಂಡನ್ ದೇಹತೂಕದ ಹಲವು ಪಟ್ಟು ಎಳೆತ ತಡೆಯಬೇಕು. ಬಲ ಕುಗ್ಗಿದ ಕಾಲನ್ನು ಹಳೇ ಕಿಲೋಮೀಟರ್‌ಗಳಿಗೆ ಒಡ್ಡಿದರೆ ನೋವು ವಾರದೊಳಗೆ ವಾಪಸ್. ಟೆಂಡನ್‌ಗೆ ಬಲ ಬರುವುದು ಭಾರ ಹೊತ್ತಾಗ ಮಾತ್ರ, ಅದೂ ನಿಧಾನವಾಗಿ. ಭಾರ ಹೊತ್ತ ಮೊದಲ ಒಂದು, ಒಂದೂವರೆ ದಿನ ಅದರೊಳಗೆ ಕೊಲಾಜೆನ್ (ಟೆಂಡನ್‌ನ ಮುಖ್ಯ ಪ್ರೋಟೀನ್) ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚು. ಕಟ್ಟುವ ಕೆಲಸ ಮೇಲುಗೈ ಪಡೆಯುವುದು ಆಮೇಲೆ. ಎರಡು ಓಟಗಳ ನಡುವೆ ಒಂದು ದಿನ ಬಿಡಬೇಕು ಎನ್ನುವುದು ಇದಕ್ಕೇ.

ನಾನು ಆಧಾರವಾಗಿ ಇಟ್ಟುಕೊಂಡದ್ದು ಸ್ವೀಡನ್ನಿನ ಮೂಳೆತಜ್ಞ ಹಾಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಕ್ರಮ. ಅವರು 15 ಮಂದಿ ಹವ್ಯಾಸಿ ಓಟಗಾರರಿಗೆ 12 ವಾರ ಹಿಮ್ಮಡಿ ಇಳಿಸುವ ವ್ಯಾಯಾಮ ಮಾಡಿಸಿದರು. ಅಷ್ಟೂ ಮಂದಿ ಓಟಕ್ಕೆ ಮರಳಿದರು.

ಮಾಡುವ ಬಗೆ ಹೀಗೆ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ ನಿಲ್ಲಿ. ಕೈಗೆ ಗೋಡೆ ಅಥವಾ ಕಂಬಿಯ ಆಸರೆ ಇರಲಿ. ಎರಡೂ ಕಾಲಿನಿಂದ ತುದಿಗಾಲಿಗೆ ಏರಿ, ಭಾರವನ್ನೆಲ್ಲ ನೋಯುವ ಕಾಲಿಗೆ ದಾಟಿಸಿ, ಮೂರು ಎಣಿಸುತ್ತಾ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಿ. ಮತ್ತೆ ಮೇಲೇರಲು ಚೆನ್ನಾಗಿರುವ ಕಾಲನ್ನೇ ಬಳಸಿ. ಮಂಡಿ ನೇರವಿಟ್ಟು 15ರಂತೆ 3 ಸೆಟ್, ಮಂಡಿ ತುಸು ಮಡಚಿ 15ರಂತೆ 3 ಸೆಟ್. ದಿನಕ್ಕೆ ಎರಡು ಹೊತ್ತು, ಒಟ್ಟು 180 ಸಲ. ಮಂಡಿ ಮಡಚುವ ಸೆಟ್‌ಗಳನ್ನು ಬೇಸರವೆಂದು ಬಿಡುವವರು ಬಹಳ. ಹಾಗೆ ಮಾಡಬೇಡಿ. ಮೀನಖಂಡದ ಮೇಲಿನ ಸ್ನಾಯು ಮಂಡಿಯನ್ನು ದಾಟಿ ಹೋಗುತ್ತದೆ, ಒಳಗಿನ ಸೋಲಿಯಸ್ ದಾಟುವುದಿಲ್ಲ. ಮಂಡಿ ಮಡಚಿದಾಗ ಕೆಲಸ ಹೆಚ್ಚಾಗಿ ಸೋಲಿಯಸ್ ಪಾಲಿಗೆ ಬರುತ್ತದೆ. ದೂರದ ಓಟದಲ್ಲಿ ದುಡಿಯುವುದು ಮುಖ್ಯವಾಗಿ ಅದೇ.

ಮೂರು ಸೆಟ್ ನೋವಿಲ್ಲದೆ ಮುಗಿಯತೊಡಗಿದರೆ ಬೆನ್ನುಚೀಲದಲ್ಲಿ 5 ಕಿಲೋ ಹಾಕಿ, ಅದೂ ಸಲೀಸಾದರೆ ಇನ್ನೊಂದಿಷ್ಟು. ದಿನಕ್ಕೆ 180 ಸಲ ಕೆಲಸದವರಿಗೆ ಹೊಂದುವುದು ಕಷ್ಟ. ಅಂಥವರಿಗೆ ಹೆಚ್ಚು ಭಾರದ ನಿಧಾನ ವ್ಯಾಯಾಮವೂ ಇದೆ: ವಾರಕ್ಕೆ 3 ದಿನ, ಏರಲು 3 ಸೆಕೆಂಡ್, ಇಳಿಯಲು 3 ಸೆಕೆಂಡ್. ಮೊದಲಿಗೆ 15 ಸಲಕ್ಕೆ ಕಾಲು ಸೋಲುವಷ್ಟು ಭಾರ, ವಾರ ಕಳೆದಂತೆ ಭಾರ ಏರಿಸುತ್ತಾ 6 ಸಲಕ್ಕೇ ಸೋಲುವಷ್ಟು. 2015ರ ಡೆನ್ಮಾರ್ಕ್ ಅಧ್ಯಯನದಲ್ಲಿ ಎರಡೂ ಕ್ರಮದ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ಓಟ ಮತ್ತೆ ಶುರುವಾದ ಮೇಲೆ ನಾನು ಆರಿಸಿಕೊಂಡದ್ದು ಈ ಎರಡನೆಯದನ್ನು.

ಮೂಳೆಗೆ ಅಂಟಿದ ಜಾಗದ ನೋವಾದರೆ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗಿಳಿಸಬಾರದು. ಕೆಳಗಿಳಿದಷ್ಟೂ ಟೆಂಡನ್ ಮೂಳೆಗೆ ಒತ್ತಿ ನೋವು ಕೆರಳುತ್ತದೆ. ಸಮನೆಲದ ಮೇಲೆ ಮಾಡಿ, ಶೂ ಒಳಗೆ ಹಿಮ್ಮಡಿಗೆ 1 ಸೆಂಟಿಮೀಟರ್ ಎತ್ತರದ ಪ್ಯಾಡ್ ಇಡಿ, ಮೀನಖಂಡವನ್ನು ಎಳೆದು ಹಿಗ್ಗಿಸುವ ಸ್ಟ್ರೆಚಿಂಗ್ ಕೆಲಕಾಲ ಬಿಡಿ.

ಎಡವುವ ಜಾಗಗಳು ಕೆಲವಿವೆ. ಇಳಿಯುವಾಗ ದಡಕ್ಕನೆ ಬಿದ್ದರೆ ಸ್ನಾಯುವಿಗೆ ಕೆಲಸವೇ ಸಿಗುವುದಿಲ್ಲ. ದಣಿದಾಗ ಪಾದ ಕಿರುಬೆರಳಿನ ಕಡೆಗೆ ವಾಲುತ್ತದೆ. ಭಾರ ಹೆಬ್ಬೆರಳಿನ ಬುಡದ ಮೇಲೇ ಇರಬೇಕು. ಇದಕ್ಕಿಂತ ದೊಡ್ಡದು ಬೇಗ ಕೈಬಿಡುವುದು. ಮೊದಲ ವಾರಗಳಲ್ಲಿ ನೋವು ತುಸು ಹೆಚ್ಚಾಗುವುದುಂಟು, ಹೆದರಿ ನಿಲ್ಲಿಸುತ್ತಾರೆ. ಇನ್ನು ಕೆಲವರು ನೋವು ಹೋದ ತಕ್ಷಣ ನಿಲ್ಲಿಸುತ್ತಾರೆ. ನೋವು ಮೊದಲು ಹೋಗುತ್ತದೆ, ಬಲ ಬರುವುದು ತಡ.

ಎಷ್ಟು ನೋವನ್ನು ತಾಳಬಹುದು? ಸೊನ್ನೆಯಿಂದ ಹತ್ತರ ಅಳತೆಯಲ್ಲಿ ವ್ಯಾಯಾಮದ ಹೊತ್ತಿಗೆ 5ರವರೆಗೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಓಟಕ್ಕೆ ನಾನು ಇಟ್ಟುಕೊಂಡ ಮಿತಿ ಇನ್ನೂ ಬಿಗಿ, 3. ಇದನ್ನು ನೆನಪಿಗೆ ಬಿಡದೆ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಬೇಕು: ಬೆಳಗಿನ ಬಿಗಿತ ಎಷ್ಟು ನಿಮಿಷ, ಒಂಟಿಕಾಲಲ್ಲಿ ಹತ್ತು ಸಲ ಏರಿದಾಗ ನೋವು ಎಷ್ಟು, ನಿನ್ನೆ ಮಾಡಿದ್ದು ಏನು. ಈ ಪುಸ್ತಕ ಇಲ್ಲದೆ ಹನ್ನೆರಡು ವಾರ ದಾಟುವುದು ಬಹಳ ಕಷ್ಟ ಎಂದು ಮನಸಾರೆ ಹೇಳುತ್ತೇನೆ. ಇವತ್ತಿಗೂ ನಿನ್ನೆಗೂ ಹೋಲಿಸಿದರೆ ಏನೂ ಬದಲಾಗಿರುವುದಿಲ್ಲ, ಮನಸ್ಸು ಕುಸಿಯುತ್ತದೆ. ಎರಡೆರಡು ವಾರದ ಸರಾಸರಿ ಹೋಲಿಸಿ. ಬಿಗಿತ 20 ನಿಮಿಷದಿಂದ 12ಕ್ಕೆ, 12ರಿಂದ 5ಕ್ಕೆ ಇಳಿಯುವುದು ಕಾಣುವುದು ಅಲ್ಲೇ.

ಉಸಿರಿನ ಸಾಮರ್ಥ್ಯ ಉಳಿಸಿಕೊಳ್ಳಲು ಈ ಅವಧಿಯಲ್ಲಿ ಸೈಕಲ್, ಈಜು, ನೀರಿನಲ್ಲಿ ಓಟ ಸಾಕು.

ಓಟಕ್ಕೆ ಮರಳಲು ಎರಡು ಷರತ್ತು: 30 ನಿಮಿಷ ಬಿರುಸಾಗಿ ನಡೆದರೂ ನೋವು 2 ದಾಟಬಾರದು; ಒಂಟಿಕಾಲಲ್ಲಿ ಕನಿಷ್ಠ 20 ಸಲ ತುದಿಗಾಲಿಗೆ ಏರಲು ಬರಬೇಕು, ಎರಡೂ ಕಾಲಿನ ಲೆಕ್ಕ ಹತ್ತಿರವಿರಬೇಕು. ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 10 ಸುತ್ತು, ದಿನ ಬಿಟ್ಟು ದಿನ. ಒಂದು ಹಂತ ಎರಡು ಸಲ ತಕರಾರಿಲ್ಲದೆ ಮುಗಿದರಷ್ಟೇ ಮುಂದಿನದು: 2 ನಿಮಿಷ ಓಟಕ್ಕೆ 1 ನಿಮಿಷ ನಡಿಗೆ, ಆಮೇಲೆ 4ಕ್ಕೆ 1, ಕೊನೆಗೆ 30 ನಿಮಿಷ ಬಿಡದೆ ಓಟ. ಎಲ್ಲವೂ ಸಮತಟ್ಟಾದ ದಾರಿಯಲ್ಲಿ, ಮಾತಾಡುತ್ತಾ ಓಡಬಹುದಾದ ವೇಗದಲ್ಲಿ. ಏರುದಾರಿ ಮತ್ತು ವೇಗದ ಓಟ ಟೆಂಡನ್ ಮೇಲೆ ಹೆಚ್ಚು ಎಳೆತ ಹಾಕುವುದರಿಂದ ಅವೆರಡೂ ಎಲ್ಲಕ್ಕಿಂತ ಕೊನೆಗೆ. ಒಂದೇ ವಾರದಲ್ಲಿ ದೂರ, ವೇಗ, ಶೂ ಮೂರನ್ನೂ ಬದಲಿಸಿದರೆ ನೋವು ಬಂದಾಗ ಕಾರಣ ಹುಡುಕಲಾಗುವುದಿಲ್ಲ.

ಅತಿ ಕಷ್ಟದ ಲೆಕ್ಕ ದಿನಾಂಕದ್ದು. ಬಲಕ್ಕೆ 12 ವಾರ, ನಡಿಗೆ-ಓಟಕ್ಕೆ ಸುಮಾರು 8, ಆಮೇಲೆ ಮ್ಯಾರಥಾನ್ ತರಬೇತಿಗೆ 16. ಒಟ್ಟು 36 ವಾರ, ಅಂದರೆ ಎಂಟು ತಿಂಗಳ ಮೇಲೆ. ಹೆಸರು ಕೊಟ್ಟಾಗಿದೆ ಎಂದು ಈ ಲೆಕ್ಕವನ್ನು ಹಿಂಡಿ ಅರ್ಧ ಮಾಡಲು ಹೋಗಬೇಡಿ, ಮುಂದಿನ ಓಟಕ್ಕೆ ಹೆಸರು ಬದಲಿಸಿ. ಕನಸು ತಡವಾಗುವ ಸಂಕಟ ದೊಡ್ಡದು, ಗೊತ್ತು. ಆದರೆ ಅವಸರದಲ್ಲಿ ಮರಳಿ ನೋಯಿಸಿಕೊಂಡ ಕಾಲಿಗೆ ಹಿಡಿಯುವ ಸಮಯ ಇನ್ನೂ ಉದ್ದ.

ಮ್ಯಾರಥಾನ್ ತರಬೇತಿಯ 16 ವಾರವೂ ಹಿಮ್ಮಡಿ ವ್ಯಾಯಾಮ ವಾರಕ್ಕೆ ಎರಡು ದಿನ ಇರಲಿ. ಓಟದ ದಿನವೇ, ಓಟ ಮುಗಿದ ಮೇಲೆ ಮಾಡಿ. ವಿಶ್ರಾಂತಿಯ ದಿನ ಪೂರ್ತಿ ವಿಶ್ರಾಂತಿಗೇ ಉಳಿಯುತ್ತದೆ. ಉದ್ದದ ಓಟವನ್ನು ವಾರಕ್ಕೆ 1ರಿಂದ 2 ಕಿಲೋಮೀಟರ್ ಏರಿಸಿ, ನಾಲ್ಕನೇ ವಾರ ಮೂರರಲ್ಲೊಂದು ಪಾಲು ಇಳಿಸಿ. ಕೊನೆಯ ಎರಡು ವಾರ ವ್ಯಾಯಾಮದ ಸೆಟ್‌ಗಳನ್ನು ಅರ್ಧಕ್ಕೆ ತನ್ನಿ, ಓಟಕ್ಕೆ ಐದು ದಿನ ಇರುವಾಗ ಭಾರ ಎತ್ತುವುದನ್ನು ನಿಲ್ಲಿಸಿ.