ಅಕೌಂಟೆನ್ಸಿ ಓದಲು ಎಷ್ಟು ಗಣಿತ ಬೇಕು?

"ಗಣಿತ ನನಗೆ ಅಷ್ಟಕ್ಕಷ್ಟೇ ಮೇಡಂ, ಅಕೌಂಟೆನ್ಸಿ ತೆಗೆದುಕೊಳ್ಳಬಹುದೇ?" ಎಂದು ಕೇಳಿಕೊಂಡು ಬರುವವರ ಅಂಕಪಟ್ಟಿಯನ್ನು ನಾನು ನೋಡುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: ಅಸಲಿನ ಮೇಲೆ ಶೇ 20 ಲಾಭವಿಟ್ಟು 120ಕ್ಕೆ ಮಾರಿದ ವಸ್ತುವಿನ ಅಸಲು ಎಷ್ಟು? 96 ಎಂದವರು ಮೊದಲು ಶೇಕಡಾವಾರು ಲೆಕ್ಕವನ್ನು ಗಟ್ಟಿ ಮಾಡಿಕೊಳ್ಳಲಿ. 100 ಎಂದು ಹೇಳಿ ಕಾರಣವನ್ನೂ ಕೊಟ್ಟವರು ಧೈರ್ಯವಾಗಿ ಸೇರಲಿ.

ಮೊದಲ ವರ್ಷದಲ್ಲಿ ಹೆಚ್ಚಿನವರು ಎಡವುವುದು ಕೂಡುವುದರಲ್ಲಿ ಅಲ್ಲ, ಮೊತ್ತವನ್ನು ಯಾವ ಖಾತೆಗೆ ಬರೆಯಬೇಕು ಎಂಬುದರಲ್ಲಿ. ಕೆಟ್ಟ ಯಂತ್ರವನ್ನು ರಿಪೇರಿ ಮಾಡಿಸಿದ ಹಣ ಖರ್ಚು. ಅದರ ಸಾಮರ್ಥ್ಯ ಹೆಚ್ಚಿಸಲು ಕೊಟ್ಟ ಹಣ ಆಸ್ತಿಯ ಬೆಲೆಗೆ ಸೇರುತ್ತದೆ. ಯಾವುದು ಯಾವುದೆಂದು ಕ್ಯಾಲ್ಕುಲೇಟರ್ ಹೇಳುವುದಿಲ್ಲ. ಆದ್ದರಿಂದ ವ್ಯವಹಾರಗಳನ್ನು ಮೊದಲು ಬರೆಯುವ ಪುಸ್ತಕವಾದ ಜರ್ನಲ್‌ನ ಪ್ರತಿ ನಮೂದಿನ ಪಕ್ಕದಲ್ಲಿ "ಏಕೆ ಡೆಬಿಟ್?" (ಡೆಬಿಟ್ ಎಂದರೆ ಖಾತೆಯ ಎಡಬದಿ, ಕ್ರೆಡಿಟ್ ಬಲಬದಿ) ಎಂಬುದಕ್ಕೆ ಒಂದು ಸಾಲು ಬರೆಯಿರಿ. ಬೇಸರದ ಕೆಲಸ, ನಿಜ. ಆದರೂ ಬರೆಯಿರಿ.

ಅಂಕಿಗಳ ಗುಣ ಬಲ್ಲವರಿಗೆ ಲಾಭ ಸಿಗುವುದು ತಾಳೆಪಟ್ಟಿ, ಅಂದರೆ ಎಲ್ಲ ಖಾತೆಗಳ ಡೆಬಿಟ್ ಮತ್ತು ಕ್ರೆಡಿಟ್ ಶಿಲ್ಕುಗಳ ಪಟ್ಟಿ, ಹೊಂದದಿದ್ದಾಗ. ಎರಡು ಬದಿಗಳ ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ನೋಡಿ. ಭಾಗವಾದರೆ, ಪಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದು: 540 ಎಂಬುದನ್ನು 450 ಎಂದು ಬರೆದರೆ ವ್ಯತ್ಯಾಸ 90. ಸೊನ್ನೆಯೊಂದು ಬಿಟ್ಟುಹೋದಾಗಲೂ ಹೀಗೆಯೇ. 700 ಹೋಗಿ 70 ಆದರೆ 630. ಮುಂದೆ ವ್ಯತ್ಯಾಸದ ಅರ್ಧವನ್ನು ಖಾತೆಗಳ ಪುಸ್ತಕವಾದ ಲೆಡ್ಜರ್‌ನಲ್ಲಿ ಹುಡುಕಿ. ಅಷ್ಟೇ ಮೊತ್ತದ ನಮೂದು ಸಿಕ್ಕಿದರೆ ಅದು ಡೆಬಿಟ್ ಬದಲು ಕ್ರೆಡಿಟ್ ಬದಿಗೆ ಬಿದ್ದಿರುವ ಸಾಧ್ಯತೆಯಿದೆ. ಇವು ಸುಳಿವುಗಳು ಮಾತ್ರ. ಎರಡೂ ಬದಿಗಳಲ್ಲಿ ಒಂದೇ ತಪ್ಪು ಮೊತ್ತ ಬರೆದಿದ್ದರೆ ತಾಳೆಪಟ್ಟಿ ಏನೂ ಗೊತ್ತಿಲ್ಲದಂತೆ ಹೊಂದಿಕೊಂಡು ಕೂರುತ್ತದೆ.

ಸವಕಳಿಯ, ಅಂದರೆ ಬಳಕೆಯಿಂದ ಆಸ್ತಿಯ ಬೆಲೆ ಇಳಿಯುವುದರ, ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ. 1,00,000 ಬೆಲೆಯ ಯಂತ್ರಕ್ಕೆ, ಇಳಿಯುವ ಶಿಲ್ಕಿನ (ಹಿಂದಿನ ವರ್ಷ ಉಳಿದ ಬೆಲೆಯ) ಮೇಲೆ ವರ್ಷಕ್ಕೆ ಶೇ 10 ಕಳೆದರೆ 90,000, 81,000, 72,900. ಮೂರನೆಯದು 70,000 ಏಕಲ್ಲ ಎಂದು ತಿಳಿದ ಮೇಲೆ ಸ್ಪ್ರೆಡ್‌ಶೀಟ್ ತೆರೆಯಿರಿ.

ಗಣಿತ ಸ್ವಲ್ಪ ಬಿಗಿಯಾಗುವುದು ವೆಚ್ಚ ಲೆಕ್ಕಶಾಸ್ತ್ರ ಮತ್ತು ಹಣಕಾಸು ನಿರ್ವಹಣೆಯಲ್ಲಿ. ಸ್ಥಿರ ವೆಚ್ಚ 60,000, ಒಂದು ವಸ್ತುವಿನ ಮಾರಾಟ ಬೆಲೆ 50, ಬದಲಾಗುವ ವೆಚ್ಚ 30 ಆದರೆ ಲಾಭ-ನಷ್ಟವಿಲ್ಲದೆ ನಿಲ್ಲಲು 3,000 ವಸ್ತು ಮಾರಬೇಕು. ಒಂದು ಅಜ್ಞಾತವಿರುವ ಸಮೀಕರಣ ಬಿಡಿಸಲು ಬಂದರೆ ಇದಕ್ಕೆ ಸಾಕು. ಕಲನಶಾಸ್ತ್ರದ ಭಯ ಬೇಡ. ಅದು ಎದುರಾದರೂ ಸಾಮಾನ್ಯವಾಗಿ ಅರ್ಥಶಾಸ್ತ್ರದ ಅಥವಾ ವ್ಯವಹಾರ ಗಣಿತದ ಪತ್ರಿಕೆಯಲ್ಲಿ. ಸೇರುವ ಮುನ್ನ ಪಠ್ಯಕ್ರಮ ತರಿಸಿ, ಸಂಖ್ಯಾಶಾಸ್ತ್ರ ಯಾವ ಸೆಮಿಸ್ಟರ್‌ನಲ್ಲಿದೆ ಎಂದು ನೋಡಿಕೊಳ್ಳಿ. ಅದರ ಹಿಂದಿನ ರಜೆಯಲ್ಲಿ ಸರಾಸರಿ, ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕಲಿತಿಡಿ.