ಮುರಿದ ಬೋಲ್ಟ್‌ನಿಂದ ಸೆಮ್ ಚಿತ್ರದವರೆಗೆ: ಲೋಹದ ಮುರಿದ ಮುಖ ಓದುವ ಬಗೆ

ಪೀಣ್ಯದ ಯಾವುದೋ ಶೆಡ್‌ನಲ್ಲಿ ಸಂಜೆ ಟಾರ್ಕ್ ಹಾಕಿ ಬಿಗಿದ 12.9 ಗ್ರೇಡ್‌ನ ಝಿಂಕ್ ಪ್ಲೇಟಿಂಗ್ ಬೋಲ್ಟ್, ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ತಲೆ ಕಳಚಿಕೊಂಡು ನೆಲದ ಮೇಲೆ ಬಿದ್ದಿರುತ್ತದೆ. ಎತ್ತಿಕೊಂಡವರು ಮೊದಲು ಎರಡು ತುಂಡುಗಳನ್ನೂ ಜೋಡಿಸಿ ನೋಡುತ್ತಾರೆ, ಆಮೇಲೆ ಮುರಿದ ಜಾಗದ ಮೇಲೆ ಹೆಬ್ಬೆರಳು ಸವರುತ್ತಾರೆ. ಅಷ್ಟರಲ್ಲೇ ಅರ್ಧ ಸಾಕ್ಷ್ಯ ಹೋಯಿತು. ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಎಲ್ಲರ ಬಾಯಲ್ಲಿ ಸೆಮ್, ನೋಡುವುದು ಮೈಕ್ರಾನ್ ಲೆಕ್ಕದ ಉಬ್ಬುತಗ್ಗುಗಳನ್ನು. ಉಕ್ಕಿಗೆ ಉಕ್ಕು ಒಮ್ಮೆ ತಾಗಿದರೆ ಸಾಕು, ಅವು ಚಪ್ಪಟೆಯಾಗುತ್ತವೆ. ಬೆರಳಿನ ಬೆವರಿನ ಉಪ್ಪು ತುಕ್ಕಿಗೆ ಬೀಜ ಹಾಕುತ್ತದೆ. ಎಷ್ಟೇ ದುಬಾರಿ ಯಂತ್ರವಾದರೂ ಅಳಿಸಿಹೋದದ್ದನ್ನು ತೋರಿಸಲಾರದು. ಈ ಬರಹದ ಉದ್ದಕ್ಕೂ ಇದೇ ಬೋಲ್ಟ್ ನಮ್ಮ ಉದಾಹರಣೆ.

ತುಂಡನ್ನು ಕಾಪಾಡುವುದು

ಎರಡು ತುಂಡುಗಳನ್ನು ಬೇರೆ ಬೇರೆ ಜಿಪ್ ಕವರ್‌ನಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಹಾಕಿ. ಮುರಿದ ಮುಖ ಯಾವುದಕ್ಕೂ ತಾಗದಂತೆ ಡಬ್ಬಿಯಲ್ಲಿ ನಿಲ್ಲಿಸಿ. ಹತ್ತಿ ಸುತ್ತಬೇಡಿ, ಎಳೆಗಳು ಸಿಕ್ಕಿಕೊಳ್ಳುತ್ತವೆ. ಸೆಲ್ಲೋ ಟೇಪ್ ಅಂಟಿಸಬೇಡಿ, ಅದರ ಗೋಂದು ಸೆಮ್‌ನಲ್ಲಿ ಕಪ್ಪು ಪದರವಾಗಿ ಕಾಣುತ್ತದೆ. ಬೆಂಗಳೂರಿನ ಮಳೆಗಾಲದ ತೇವದಲ್ಲಿ ತೆರೆದಿಟ್ಟ ಹೊಸ ಉಕ್ಕಿನ ಮುಖ ಒಂದು ರಾತ್ರಿಯಲ್ಲೇ ಕಂದುಬಣ್ಣಕ್ಕೆ ತಿರುಗಬಹುದು. ಆದ್ದರಿಂದ 'ನಾಳೆ ನೋಡೋಣ' ಎಂದು ಬೆಂಚಿನ ಮೇಲೆ ಬಿಟ್ಟುಹೋಗಬೇಡಿ.

ಕತ್ತರಿಸುವ ಮೊದಲು ಫೋಟೋ. ಫೋನ್ ಸಾಕು, ಪಕ್ಕದಲ್ಲಿ ಸ್ಕೇಲ್ ಇರಲಿ. ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು, ಸುತ್ತಲೂ ನಾಲ್ಕೈದು ದಿಕ್ಕಿನಿಂದ ತೆಗೆಯಿರಿ. ನೇರ ಬೆಳಕಿನಲ್ಲಿ ಉಬ್ಬುಗಳ ನೆರಳೇ ಬೀಳುವುದಿಲ್ಲ. ಜೊತೆಗೆ ಬರೆದಿಟ್ಟುಕೊಳ್ಳಿ: ಬೋಲ್ಟ್ ಎಲ್ಲಿತ್ತು, ಬಿಗಿದು ಎಷ್ಟು ಗಂಟೆಗೆ ಮುರಿಯಿತು, ಎಷ್ಟು ಟಾರ್ಕ್, ಪ್ಲೇಟಿಂಗ್ ಯಾವಾಗ ಆಯಿತು, ಆಮೇಲೆ ಬೇಕಿಂಗ್ (ಒಳಸೇರಿದ ಹೈಡ್ರೋಜನ್ ಹೊರಹೋಗಲು ಓವನ್‌ನಲ್ಲಿ ಬಿಸಿಮಾಡುವುದು) ಮಾಡಿದ್ದರೇ. ಕೊನೆಯ ಪ್ರಶ್ನೆಗೆ ಬರುವ 'ಹೌದು ಸಾರ್, ಮಾಡಿದ್ದೇವೆ' ಎಂಬ ಉತ್ತರವನ್ನು ಓವನ್ ಚಾರ್ಟ್ ನೋಡದೆ ನಂಬಬೇಡಿ.

ಆಮೇಲೆ 10 ಪಟ್ಟಿನ ಲೂಪ್ (ಪುಟ್ಟ ಭೂತಗನ್ನಡಿ) ಅಥವಾ ಸ್ಟೀರಿಯೋ ಮೈಕ್ರೋಸ್ಕೋಪ್. ಈ ಹಂತ ಹಾರಿಸಿ ನೇರ ಸೆಮ್‌ಗೆ ಹೋಗುವವರೇ ಹೆಚ್ಚು, ದಾರಿ ತಪ್ಪುವವರೂ ಅವರೇ. ಹುಡುಕಬೇಕಾದದ್ದು ಬಿರುಕು ಹುಟ್ಟಿದ ಜಾಗ. ಬಾಣದ ತಲೆಯಂಥ ಗೀರುಗಳಿದ್ದರೆ ಅವುಗಳ ಮೊನೆ ಸಾಮಾನ್ಯವಾಗಿ ಹುಟ್ಟಿನತ್ತ ತೋರಿಸುತ್ತದೆ. ಕೆರೆಯ ನೀರು ಇಳಿದಾಗ ದಡದಲ್ಲಿ ಉಳಿಯುವ ಗೆರೆಗಳಂಥ ಅರ್ಧವೃತ್ತಗಳು ಕಂಡರೆ ಫಟೀಗ್ (ಮತ್ತೆ ಮತ್ತೆ ಬಿದ್ದ ಹೊರೆಯಿಂದ ಬಿರುಕು ಬೆಳೆದದ್ದು) ಎಂಬ ಸುಳಿವು. ಅವುಗಳ ಕೇಂದ್ರ ಹುಟ್ಟಿದ ಜಾಗ. ಅಂಚಿನಲ್ಲಿ ಓರೆಯಾಗಿ ಎದ್ದು ನಿಂತ ತುಟಿಯಂಥ ಭಾಗ ಕೊನೆಗೆ ಹರಿದದ್ದು. ಹುಟ್ಟಿನ ಜಾಗವನ್ನು ಫೋಟೋದ ಮೇಲೆ ಗುರುತು ಮಾಡಿ, ಬೋಲ್ಟ್‌ನ ಬದಿಗೆ ಸಣ್ಣ ಗೀರು ಹಾಕಿ. ಸೆಮ್ ಒಳಗೆ ಹೋದ ಮೇಲೆ ದಿಕ್ಕು ತಪ್ಪದಿರಲು ಆ ಗೀರು ಬೇಕು.

ಕತ್ತರಿಸುವುದು, ತೊಳೆಯುವುದು

ಎಂ10 ಬೋಲ್ಟ್ ಆದರೆ ಮುರಿದ ಮುಖದಿಂದ ಸುಮಾರು 15 ಮಿ.ಮೀ. ಬಿಟ್ಟು ಕತ್ತರಿಸಿ, ದೊಡ್ಡ ತುಂಡಾದರೆ 25 ಮಿ.ಮೀ. ಬಿಡುವುದು ಒಳ್ಳೆಯದು. ಗ್ಯಾಸ್ ಕಟಿಂಗ್ ಬೇಡ, ಒಣ ಗ್ರೈಂಡಿಂಗ್ ವ್ಹೀಲೂ ಬೇಡ, ಶಾಖ ಒಳರಚನೆಯನ್ನೇ ಬದಲಿಸುತ್ತದೆ. ನಿಧಾನಗತಿಯ ಡೈಮಂಡ್ ಸಾ ಇದ್ದರೆ ಅದು, ಮುರಿದ ಮುಖಕ್ಕೆ ಕೂಲೆಂಟ್ ಚಿಮ್ಮದಂತೆ ಸಡಿಲವಾದ ಪ್ಲಾಸ್ಟಿಕ್ ಟೋಪಿ ಹಾಕಿ. ಡೈಮಂಡ್ ಸಾ ಇಲ್ಲದಿದ್ದರೆ ಹ್ಯಾಕ್ಸಾ ಸಾಲುತ್ತದೆಯೇ? ಮೆತ್ತಗಿನ ಲೋಹಕ್ಕೆ ಸಾಲುತ್ತದೆ. 39ರಿಂದ 44 ಎಚ್‌ಆರ್‌ಸಿ ಗಡಸುತನದ 12.9 ಬೋಲ್ಟ್‌ಗೆ ಹಲ್ಲು ಸವೆಯುವುದಷ್ಟೇ ಲಾಭ.

ತೊಳೆಯುವ ಮೊದಲು ಒಂದು ಪ್ರಶ್ನೆ: ಮುಖದ ಮೇಲಿರುವುದು ಕೊಳೆಯೋ, ಪುರಾವೆಯೋ? ತುಕ್ಕಿನಲ್ಲಿರುವ ಕ್ಲೋರಿನ್, ಬಿರುಕಿನೊಳಗೆ ಇಳಿದ ಝಿಂಕ್ ನೀರಿನಲ್ಲಿ ಹರಿದುಹೋದರೆ ಮತ್ತೆ ಸಿಗುವುದಿಲ್ಲ. ತುಕ್ಕು ಹಿಡಿದ ಅಥವಾ ಬಣ್ಣಗೆಟ್ಟ ಮುಖವನ್ನು ತೊಳೆಯದೆಯೇ ಒಮ್ಮೆ ಸೆಮ್‌ನಲ್ಲಿಟ್ಟು ಇಡಿಎಸ್ (ಎಕ್ಸ್-ರೇ ಗೆರೆಗಳಿಂದ ಯಾವ ಧಾತುಗಳಿವೆ ಎಂದು ತೋರಿಸುವ ಪರೀಕ್ಷೆ) ತೆಗೆದುಬಿಡಿ.

ಆಮೇಲೆ ಮೃದುವಾದದ್ದರಿಂದ ಕಠಿಣವಾದದ್ದರ ಕಡೆಗೆ. ರಬ್ಬರ್ ಬಲ್ಬಿನ ಗಾಳಿ ಮೊದಲು. ನಂತರ ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಅಸಿಟೋನ್, 2ರಿಂದ 5 ನಿಮಿಷ, ಬೀಕರಿಗೆ ಒಂದೇ ತುಂಡು. ಎರಡು ಹಾಕಿದರೆ ಒಂದನ್ನೊಂದು ಉಜ್ಜುತ್ತವೆ. ಅಸಿಟೋನ್ ಆವಿ ಬೆಂಕಿ ಹಿಡಿಯುತ್ತದೆ, ಹತ್ತಿರ ಹಾಟ್ ಪ್ಲೇಟ್ ಇರಬಾರದು. ಅಷ್ಟರಲ್ಲಿ ಹೋಗದ ಕೊಳೆಗೆ ಸೆಲ್ಯುಲೋಸ್ ಅಸಿಟೇಟ್ ರೆಪ್ಲಿಕಾ ಟೇಪ್: ಅಸಿಟೋನ್‌ನಲ್ಲಿ ಮೆತ್ತಗೆ ಮಾಡಿ, ಮುಖದ ಮೇಲೆ ಒತ್ತಿ, ಒಣಗಿಸಿ, ಕಿತ್ತು ತೆಗೆಯಿರಿ. ಮೂರ್ನಾಲ್ಕು ಸಲ ಮಾಡಿದರೆ ಮುಖ ಬಹುಮಟ್ಟಿಗೆ ಸ್ವಚ್ಛವಾಗುತ್ತದೆ. ಮೊದಲು ಕಿತ್ತ ಟೇಪನ್ನು ಎಸೆಯಬೇಡಿ, ಕೊಳೆಯ ವಿಶ್ಲೇಷಣೆಗೆ ಅದೇ ಮಾದರಿ. ತುಕ್ಕು ಅಂಟಿಕೊಂಡೇ ಇದ್ದರೆ 350 ಮಿ.ಲೀ. ನೀರಿಗೆ 15 ಗ್ರಾಂ ಆಲ್ಕೊನಾಕ್ಸ್ ಡಿಟರ್ಜೆಂಟ್ ಹಾಕಿ, 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಲ್ಟ್ರಾಸಾನಿಕ್‌ನಲ್ಲಿ 15ರಿಂದ 30 ನಿಮಿಷ ಇಡಿ. ಡಿಸ್ಟಿಲ್ಡ್ ನೀರು, ಆಮೇಲೆ ಆಲ್ಕೋಹಾಲ್‌ನಲ್ಲಿ ಜಾಲಿಸಿ ಬಿಸಿಗಾಳಿಯಲ್ಲಿ ಒಣಗಿಸಿ. ವೈರ್ ಬ್ರಷ್ ಮಾತೇ ಬೇಡ. ಹಾರ್ಡ್‌ವೇರ್ ಅಂಗಡಿಯ ತುಕ್ಕು ತೆಗೆಯುವ ಆಸಿಡ್ ಇನ್ನೂ ಅಪಾಯಕಾರಿ: ಅದು ಗ್ರೇನ್‌ಗಳ (ಲೋಹದೊಳಗಿನ ಸಣ್ಣ ಹರಳುಗಳ) ಅಂಚುಗಳನ್ನು ಕೊರೆದು, ಇಲ್ಲದ ಕಥೆಯನ್ನು ಮುಖದ ಮೇಲೆ ಬರೆಯುತ್ತದೆ.

ಸ್ಟಬ್ ಎಂಬ ಪುಟ್ಟ ಲೋಹದ ಪೀಠದ ಮೇಲೆ ಕಾರ್ಬನ್ ಟೇಪಿನಿಂದ ಕೂರಿಸಿ, ಬದಿಯಲ್ಲಿ ಸಿಲ್ವರ್ ಪೇಂಟಿನ ಒಂದು ಗೆರೆಯನ್ನು ಸ್ಟಬ್‌ವರೆಗೆ ಎಳೆಯಿರಿ. ಪೇಂಟ್ ಪೂರ್ತಿ ಒಣಗಬೇಕು, ಹಸಿಯಿದ್ದರೆ ವ್ಯಾಕ್ಯೂಮ್ ಏರುವುದೇ ಇಲ್ಲ. ಸಿಂಟರ್ಡ್ ಬುಷ್‌ನಂಥ ರಂಧ್ರಗಳಿರುವ ಭಾಗಗಳು ಎಣ್ಣೆ ಕುಡಿದಿರುತ್ತವೆ. ಅವನ್ನು ದ್ರಾವಕದಲ್ಲಿ ನೆನೆಸಿ, ಹಗುರ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸದೆ ಚೇಂಬರ್ ಒಳಗೆ ಬಿಡಬೇಡಿ.

ಸೆಮ್ ಮುಂದೆ

ಬೆಂಗಳೂರಿನಲ್ಲಿ ಸೆಮ್‌ಗೆ ಬರವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸೌಲಭ್ಯಗಳಿವೆ, ಖಾಸಗಿ ಪರೀಕ್ಷಾಲಯಗಳಿವೆ. ವಿಮಾನದ ಭಾಗಗಳ ವೈಫಲ್ಯ ವಿಶ್ಲೇಷಣೆಯಲ್ಲಿ ಎನ್‌ಎಎಲ್‌ಗೆ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ದೊಡ್ಡ ಹೆಸರಿದೆ. ಸಮಯವನ್ನು ಸಾಮಾನ್ಯವಾಗಿ ಗಂಟೆ ಲೆಕ್ಕದಲ್ಲಿ ಕೊಡುತ್ತಾರೆ, ಹಾಗಾಗಿ ಮೇಲಿನ ಕೆಲಸವೆಲ್ಲ ಮುಗಿದಿರಬೇಕು. ಸ್ಲಾಟ್ ಸಿಕ್ಕ ಮೇಲೆ ಅಸಿಟೋನ್ ಹುಡುಕುತ್ತಾ ಹೋದರೆ ದುಡ್ಡು ದಂಡ.

ಮುರಿದ ಮುಖಕ್ಕೆ 15ರಿಂದ 20 ಕೆವಿ, ಸೆಕೆಂಡರಿ ಎಲೆಕ್ಟ್ರಾನ್ ಡಿಟೆಕ್ಟರ್. ಏರಿಳಿತ ಹೆಚ್ಚಿರುವುದರಿಂದ ವರ್ಕಿಂಗ್ ಡಿಸ್ಟೆನ್ಸ್ ಅನ್ನು 15ರಿಂದ 25 ಮಿ.ಮೀ.ಗೆ ಏರಿಸಿ, ಚಿಕ್ಕ ಅಪರ್ಚರ್ ಹಾಕಿ. ಆಗ ಗುಡ್ಡ, ಕಣಿವೆ ಎರಡೂ ಒಟ್ಟಿಗೆ ಫೋಕಸ್‌ನಲ್ಲಿರುತ್ತವೆ. 20 ಪಟ್ಟಿನಿಂದ ಶುರುಮಾಡಿ. ಮೊದಲು ಇಡೀ ಮುಖದ ಒಂದು ಚಿತ್ರ, ಆಮೇಲೆ ಹುಟ್ಟಿದ ಜಾಗದಿಂದ ಕೊನೆಗೆ ಹರಿದ ಜಾಗದವರೆಗೆ ಒಂದು ಗೆರೆ ಹಿಡಿದು ಸಾಗುತ್ತಾ, ಪ್ರತಿ ನಿಲ್ದಾಣದಲ್ಲಿ 100, 500, 2000 ಪಟ್ಟು. ನೇರ 5000ಕ್ಕೆ ಹಾರಿ ಸಿಕ್ಕಿದ ಸುಂದರ ಚಿತ್ರವೊಂದನ್ನು ವರದಿಗೆ ಅಂಟಿಸುವುದು ಈ ಕೆಲಸದ ದೊಡ್ಡ ರೋಗ. ಚಿತ್ರ ಒಂದೇ ಕಡೆಗೆ ಎಳೆದಂತಾಗುತ್ತಿದ್ದರೆ ಸ್ಟಿಗ್ಮೇಟರ್ (ಕಿರಣದ ಆಕಾರ ತಿದ್ದುವ ವ್ಯವಸ್ಥೆ) ಸರಿಮಾಡಿ. ಆಗಲೂ ಹೋಗದಿದ್ದರೆ ತುಂಡಿನಲ್ಲಿ ಕಾಂತತ್ವ ಉಳಿದಿರಬಹುದು, ಹೊರತೆಗೆದು ಡೀಮ್ಯಾಗ್ನೆಟೈಸ್ ಮಾಡಿ. ನೋಡಿದ ಜಾಗದಲ್ಲೆಲ್ಲ ಕಪ್ಪು ಚೌಕ ಉಳಿಯುತ್ತಿದ್ದರೆ ಅದು ಎಣ್ಣೆ ಅಥವಾ ಗೋಂದಿನ ಕಾರ್ಬನ್, ತೊಳೆದದ್ದು ಸಾಲದು.

ಇನ್ನು ಓದುವುದು. ಪಡ್ಡಿನ ಹೆಂಚಿನಂತೆ ಗುಳಿಗಳೇ ತುಂಬಿದ್ದರೆ ಲೋಹ ಎಳೆದುಕೊಂಡು ಹರಿದಿದೆ, ಅಂದರೆ ಡಕ್ಟೈಲ್. ಗುಳಿಯ ತಳದಲ್ಲಿ ಹಲವು ಸಲ ಮ್ಯಾಂಗನೀಸ್ ಸಲ್ಫೈಡ್‌ನಂಥ ಕಣ ಕೂತಿರುತ್ತದೆ. ಗುಳಿಗಳು ದುಂಡಗಿದ್ದರೆ ನೇರ ಎಳೆತ. ಉದ್ದುದ್ದವಾಗಿದ್ದು, ಎರಡು ತುಂಡುಗಳಲ್ಲಿ ಎದುರುಬದುರು ದಿಕ್ಕಿಗೆ ಬಾಗಿದ್ದರೆ ಶಿಯರ್. ಎರಡರಲ್ಲೂ ಒಂದೇ ದಿಕ್ಕಿದ್ದರೆ ಒಂದು ಬದಿಯಿಂದ ಸಿಗಿದದ್ದು.

ಹೊಳೆಯುವ ಸಪಾಟು ಮುಖಗಳು, ಮೇಲೆ ಕವಲು ಕವಲಾದ ಗೆರೆಗಳು ಕಂಡರೆ ಕ್ಲೀವೇಜ್, ಅಂದರೆ ಲೋಹ ಎಳೆದುಕೊಳ್ಳದೆ ಹರಳಿನ ಪದರದಗುಂಟ ಸೀಳಿದ್ದು. ಈ ಗೆರೆಗಳಿಗೆ ನದಿಯ ಹೆಸರೇ ಇದೆ, ಓದುವ ಬಗೆಯೂ ನದಿಯದ್ದೇ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರಿ ಮುಂದೆ ಒಂದಾಗಿ ಹರಿಯುವಂತೆ, ಕವಲುಗಳು ಕೂಡುವ ದಿಕ್ಕಿಗೆ ಬಿರುಕು ಹರಿದಿದೆ. ಹುಟ್ಟಿದ ಜಾಗ ಬೇಕಾದರೆ ನೀರಿಗೆ ಎದುರಾಗಿ ನಡೆಯಿರಿ.

ಫಟೀಗ್ ಆದರೆ ನೇಗಿಲ ಸಾಲಿನಂತೆ ಒತ್ತೊತ್ತಾಗಿ ಸ್ಟ್ರೈಯೇಶನ್‌ಗಳು, ಬಿರುಕು ಸಾಗಿದ ದಿಕ್ಕಿಗೆ ಅಡ್ಡಲಾಗಿ. ಅಲ್ಯೂಮಿನಿಯಂನಲ್ಲಿ ಇವು ಸ್ಪಷ್ಟ, ಗಡಸು ಉಕ್ಕಿನಲ್ಲಿ ಮಸುಕು; ಕಾಣಲಿಲ್ಲವೆಂದ ಮಾತ್ರಕ್ಕೆ ಫಟೀಗ್ ಅಲ್ಲ ಎನ್ನುವಂತಿಲ್ಲ. ಅಂತರ ಅಳೆಯುವಾಗ ಒಂದೊಂದನ್ನೇ ಅಳೆಯದೆ, ಹತ್ತು ಅಂತರಗಳನ್ನು ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿ. ಆ ಜಾಗ ಕಿರಣಕ್ಕೆ ಓರೆಯಾಗಿದ್ದರೆ ಅಂತರ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಇನ್ನೊಂದು ಬಲೆ: ಪರ್ಲೈಟ್ ಎಂಬ ಉಕ್ಕಿನ ಒಳರಚನೆಯ ಪದರಗಳು ಮುರಿದ ಮುಖದಲ್ಲಿ ಸ್ಟ್ರೈಯೇಶನ್‌ನಂತೆಯೇ ಕಾಣುತ್ತವೆ. ಆದರೆ ಅವು ಒಂದೊಂದು ಕಾಲನಿಯಲ್ಲಿ (ಪದರಗಳ ಗುಂಪಿನಲ್ಲಿ) ಒಂದೊಂದು ಕಡೆಗೆ ತಿರುಗುತ್ತವೆ. ಸ್ಟ್ರೈಯೇಶನ್ ಬಿರುಕಿನ ದಿಕ್ಕನ್ನು ಬಿಡುವುದಿಲ್ಲ.

ಈಗ ನಮ್ಮ ಬೋಲ್ಟ್. ಮೊದಲ ಥ್ರೆಡ್‌ನ ಬುಡದಲ್ಲಿ, ಅಥವಾ ತಲೆಯ ಕೆಳಗಿನ ತಿರುವಿನಲ್ಲಿ, ಕಲ್ಲುಸಕ್ಕರೆಯ ಹರಳುಗಳನ್ನು ರಾಶಿ ಹಾಕಿದಂತೆ ಕಾಣುತ್ತದೆ. ಬಿರುಕು ಗ್ರೇನ್‌ಗಳ ನಡುವಿನ ಗಡಿಯಲ್ಲೇ ಹೋಗಿದೆ. ಒಳಗೆ ಸಾಗಿದಂತೆ ಹರಳು ಕಡಿಮೆಯಾಗಿ, ನಡುವಿನಲ್ಲಿ ಗುಳಿಗಳು. ಹರಳಿನ ಮೈಮೇಲೆ ಕೂದಲೆಳೆಯಂಥ ಸಣ್ಣ ಗೆರೆಗಳಿದ್ದರೆ ಅನುಮಾನ ಹೈಡ್ರೋಜನ್ ಕಡೆಗೆ. ಪಿಕ್ಲಿಂಗ್ (ಆಸಿಡ್‌ನಲ್ಲಿ ತೊಳೆಯುವುದು) ಮತ್ತು ಪ್ಲೇಟಿಂಗ್‌ನಲ್ಲಿ ಒಳಸೇರಿದ ಹೈಡ್ರೋಜನ್, ಬಿಗಿದ ನಂತರ ಒತ್ತಡ ಹೆಚ್ಚಿರುವ ಜಾಗಕ್ಕೆ ಸರಿದು ಸೇರುತ್ತದೆ. ಅದಕ್ಕೆ ಸಮಯ ಬೇಕು, ಆದ್ದರಿಂದಲೇ ಬೋಲ್ಟ್ ಬಿಗಿಯುವಾಗ ಮುರಿಯದೆ ರಾತ್ರಿಯಲ್ಲಿ ಮುರಿಯಿತು.

ಆದರೆ ಕಲ್ಲುಸಕ್ಕರೆ ಕಂಡ ಕೂಡಲೇ ಪ್ಲೇಟಿಂಗ್‌ನವರ ಮೇಲೆ ಗೂಬೆ ಕೂರಿಸಬೇಡಿ. ಹೀಟ್ ಟ್ರೀಟ್‌ಮೆಂಟ್ ತಪ್ಪಾಗಿ ಗ್ರೇನ್ ಗಡಿಗಳೇ ದುರ್ಬಲವಾಗಿದ್ದರೂ ಇದೇ ಮುಖ ಬರುತ್ತದೆ. ಬೇರ್ಪಡಿಸುವುದು ಸುಲಭ: ಅದೇ ಲಾಟ್‌ನ ಬಿಗಿಯದ ಬೋಲ್ಟ್‌ಗೆ ಸಣ್ಣ ಸೀಳು (ನಾಚ್) ಕೊರೆದು, ವೈಸ್‌ಗೆ ಕಚ್ಚಿಸಿ, ಸುತ್ತಿಗೆಯಿಂದ ಒಂದೇಟಿಗೆ ಮುರಿದು ಆ ಮುಖವನ್ನೂ ನೋಡಿ. ಒಂದೇಟಿನಲ್ಲಿ ಹೈಡ್ರೋಜನ್‌ಗೆ ಸರಿಯಲು ಸಮಯ ಸಿಗುವುದಿಲ್ಲ. ಗುಳಿಗಳು ಕಂಡರೆ ಗ್ರೇನ್ ಗಡಿ ಗಟ್ಟಿಯಾಗಿದೆ, ಹೈಡ್ರೋಜನ್ ವಾದಕ್ಕೆ ಬಲ ಬಂತು. ಇಲ್ಲೂ ಕಲ್ಲುಸಕ್ಕರೆಯೇ ಇದ್ದರೆ ಕುಲುಮೆಯ ದಾಖಲೆ ತೆಗೆಸಿ. ಮೂರನೆಯ ಸಾಧ್ಯತೆ ಕ್ವೆಂಚ್ ಬಿರುಕು, ಅಂದರೆ ಕಾಯಿಸಿದ ಉಕ್ಕನ್ನು ದಿಢೀರ್ ತಣಿಸುವಾಗ ಬಿಡುವ ಬಿರುಕು. ಆಗ ಹುಟ್ಟಿನ ಭಾಗದಲ್ಲಿ ಆಕ್ಸೈಡ್, ಜೊತೆಗೆ ಝಿಂಕ್ ಸಿಗುತ್ತದೆ: ಪ್ಲೇಟಿಂಗ್‌ಗೆ ಮೊದಲೇ ಬಿರುಕು ಬಿಟ್ಟಿತ್ತು ಎಂದರ್ಥ. ತೊಳೆಯುವ ಮೊದಲು ಇಡಿಎಸ್ ತೆಗೆಯಿರಿ ಎಂದದ್ದು ಇದಕ್ಕೇ.

ಇಡಿಎಸ್ ಹೇಳಿದ್ದನ್ನೆಲ್ಲ ನಂಬಲಾಗದು. ಝಿಂಕ್‌ನ ಎಲ್ ಗೆರೆ 1.01 ಕೆಇವಿ, ಸೋಡಿಯಂನ ಕೆ ಗೆರೆ 1.04, ಝಿಂಕ್ ಇರುವಲ್ಲಿ ಸಾಫ್ಟ್‌ವೇರ್ ಸೋಡಿಯಂ ಎಂದು ಬರೆದುಬಿಡಬಹುದು. 8.63ರಲ್ಲಿ ಝಿಂಕ್‌ನ ಕೆ ಗೆರೆ ಇದೆಯೇ ನೋಡಿ. ಗಂಧಕ 2.31, ಮಾಲಿಬ್ಡಿನಂ 2.29, ಇವೂ ಒಂದರ ಮೇಲೊಂದು ಕೂರುತ್ತವೆ. ಮಾಲಿಬ್ಡಿನಂ ಇರುವ ಉಕ್ಕಿನಲ್ಲಿ ಸಲ್ಫೈಡ್ ಎನ್ನುವ ಮೊದಲು ಅದೇ ಜಾಗದಲ್ಲಿ ಮ್ಯಾಂಗನೀಸ್ ಕೂಡ ಏರಿದೆಯೇ ಗಮನಿಸಿ.

ಒಳರಚನೆ

ಮುರಿದ ಮುಖದ ಚಿತ್ರಗಳೆಲ್ಲ ಮುಗಿದ ಮೇಲಷ್ಟೇ ಉದ್ದಕ್ಕೆ ಸೀಳಿ ಮೌಂಟ್ ಮಾಡಿ (ಪಾಲಿಶ್‌ಗೆ ಹಿಡಿಯಲು ರಾಳದಲ್ಲಿ ಕೂರಿಸಿ). ಹಾಟ್ ಮೌಂಟಿಂಗ್‌ಗೆ 150ರಿಂದ 180 ಡಿಗ್ರಿ; ಬೋಲ್ಟ್‌ಗೆ ತೊಂದರೆಯಿಲ್ಲ, ಆದರೆ ಅಷ್ಟೇ ಬಿಸಿಯಲ್ಲಿ ಟೆಂಪರ್ ಆದ ಕೇಸ್ ಹಾರ್ಡನ್ ಗೇರ್‌ಗೆ ಕೋಲ್ಡ್ ಎಪಾಕ್ಸಿ ಬಳಸಿ. 220, 400, 600, 800, 1200 ಎಮರಿ, ಪ್ರತಿ ಹಂತಕ್ಕೆ 90 ಡಿಗ್ರಿ ತಿರುಗಿಸಿ ಹಿಂದಿನ ಗೀರು ಮಾಯವಾಗುವವರೆಗೆ. ಆಮೇಲೆ 6, 3, 1 ಮೈಕ್ರಾನ್ ಡೈಮಂಡ್ ಪೇಸ್ಟ್. ಇಬಿಎಸ್‌ಡಿ (ಹರಳುಗಳು ತಿರುಗಿರುವ ದಿಕ್ಕು ಅಳೆಯುವ ಪರೀಕ್ಷೆ) ಮಾಡುವುದಿದ್ದರೆ ಕೊಲಾಯ್ಡಲ್ ಸಿಲಿಕಾ ಕೂಡ. ಹಂತಗಳ ನಡುವೆ ಕೈ, ತುಂಡು ಎರಡನ್ನೂ ತೊಳೆಯಿರಿ. ಕೊನೆಯ ಜಾಲಾಟಕ್ಕೆ ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮೂರ ಗಡಸು ನೀರು ಒಣಗಿದಾಗ ಬಿಡುವ ಬಿಳಿ ಕಲೆ ಇಡಿಎಸ್‌ನಲ್ಲಿ ಕ್ಯಾಲ್ಸಿಯಂ ಆಗಿ ಮೇಲೇಳುತ್ತದೆ, ಯಾರೋ ಅದನ್ನು ಉಕ್ಕಿನ ಇನ್‌ಕ್ಲೂಶನ್ (ಉಕ್ಕಿನೊಳಗೆ ಸಿಕ್ಕಿಕೊಂಡ ಅನ್ಯ ಕಣ) ಎಂದು ಬರೆಯುತ್ತಾರೆ.

ಇನ್‌ಕ್ಲೂಶನ್‌ಗಳನ್ನು ಎಚ್ಚಿಂಗ್‌ಗೆ (ಆಸಿಡ್‌ನಿಂದ ಒಳರಚನೆ ಎದ್ದು ಕಾಣಿಸುವುದಕ್ಕೆ) ಮೊದಲು ಬ್ಯಾಕ್‌ಸ್ಕ್ಯಾಟರ್ ಡಿಟೆಕ್ಟರ್‌ನಲ್ಲಿ ನೋಡಿ: ಹಗುರ ಧಾತುಗಳ ಕಣ ಕಪ್ಪಗೆ, ಸೀಸದಂಥ ಭಾರದ್ದು ಬೆಳ್ಳಗೆ. ನಂತರ 2% ನೈಟಾಲ್, 98 ಮಿ.ಲೀ. ಎಥನಾಲ್‌ಗೆ 2 ಮಿ.ಲೀ. ನೈಟ್ರಿಕ್ ಆಸಿಡ್. ಆಸಿಡನ್ನೇ ಆಲ್ಕೋಹಾಲ್‌ಗೆ ನಿಧಾನವಾಗಿ ಹಾಕಬೇಕು; ಮಿಕ್ಕದ್ದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಕೂಡಿಡಬೇಡಿ, ಒಳಗೆ ಅನಿಲದ ಒತ್ತಡ ಏರುತ್ತದೆ. 5ರಿಂದ 10 ಸೆಕೆಂಡು ಸಾಕು, ಸೆಮ್‌ಗಾದರೆ ಆಪ್ಟಿಕಲ್‌ಗಿಂತ ಕೊಂಚ ಹೆಚ್ಚು. ಫೆರೈಟ್ (ಉಕ್ಕಿನ ಮೆತ್ತನೆಯ ಭಾಗ) ಕರಗಿ ತಗ್ಗಾಗುತ್ತದೆ, ಕಾರ್ಬೈಡ್ ಎದ್ದು ನಿಂತು ಬೆಳ್ಳಗೆ ಹೊಳೆಯುತ್ತದೆ. ಬೋಲ್ಟ್‌ನಲ್ಲಿ ಕಾಣಬೇಕಾದದ್ದು ನಯವಾದ ಟೆಂಪರ್ಡ್ ಮಾರ್ಟೆನ್ಸೈಟ್ (ತಣಿಸಿ ಮತ್ತೆ ಹದವಾಗಿ ಕಾಯಿಸಿದ ಗಡಸು ಉಕ್ಕಿನ ಒಳರಚನೆ). ಥ್ರೆಡ್ ಅಂಚಿನಲ್ಲಿ ಮಾತ್ರ ಫೆರೈಟ್ ಪಟ್ಟಿ ಇದ್ದರೆ ಕುಲುಮೆಯಲ್ಲಿ ಕಾರ್ಬನ್ ಸುಟ್ಟುಹೋಗಿದೆ.

ವರದಿಗೆ ಹಾಕುವ ಪ್ರತಿ ಚಿತ್ರದಲ್ಲೂ ಮೈಕ್ರಾನ್ ಬಾರ್ ಇರಲಿ. '2000 ಪಟ್ಟು' ಎಂಬುದು ಪರದೆಯ ಅಳತೆ ಬದಲಾದ ಕೂಡಲೇ ಸುಳ್ಳಾಗುತ್ತದೆ. ಚಿತ್ರ ತೆಗೆದ ಜಾಗವನ್ನು ಮೊದಲಿನ ಫೋಟೋದ ಮೇಲೆ ಚುಕ್ಕೆಯಿಟ್ಟು ತೋರಿಸಿ. ಬೋಲ್ಟ್‌ನ ಇನ್ನೊಂದು ತುಂಡನ್ನು ತೊಳೆಯದೆ, ಕತ್ತರಿಸದೆ ಡೆಸಿಕೇಟರ್‌ನಲ್ಲಿಡಿ. ಪ್ಲೇಟಿಂಗ್‌ನವರೋ ಗ್ರಾಹಕರೋ ತಮ್ಮ ಲ್ಯಾಬ್‌ನಲ್ಲಿ ನೋಡುತ್ತೇವೆ ಎಂದಾಗ ಕೊಡಬೇಕಾದದ್ದು ಅದೇ. ಅಲ್ಲಿಯವರೆಗೆ ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದಾಗಲೆಲ್ಲ ಬದಲಿಸುತ್ತಿರಿ.