ಮೆಲ್ಬರ್ನ್‌ನಲ್ಲಿ ಕೂತು ಬಾನುಲಿ ನಾಟಕ ಬರೆದದ್ದು

ಬಾನುಲಿ ನಾಟಕ ಬರೆಯುವುದನ್ನು ನಾನು ಕಲಿತದ್ದು ಮೆಲ್ಬರ್ನ್‌ಗೆ ಬಂದ ಮೇಲೆ, ಇಲ್ಲಿನ ಹಳೆಯ ಬರಹಗಾರರನ್ನು ಓದಿ. ಒಂದು ಸಮುದಾಯ ರೇಡಿಯೊದ ಕನ್ನಡ ಕಾರ್ಯಕ್ರಮಕ್ಕೆ ಅರ್ಧ ಗಂಟೆಯ ನಾಟಕ ಬರೆದುಕೊಡಿ ಎಂದರು. ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದವನು ನಾನು. ಆದರೆ ಕೇಳುವುದೇ ಬೇರೆ, ಬರೆಯುವುದೇ ಬೇರೆ. ಹಾಗಾಗಿ ಮೊದಲು ಗ್ರಂಥಾಲಯದ ದಾರಿ ಹಿಡಿದೆ. ಈ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎಬಿಸಿಗಾಗಿ ಬರೆದವರ ನಾಟಕಗಳನ್ನು ಹುಡುಕಿದೆ.

ಎಬಿಸಿ ಶುರುವಾದದ್ದು 1932ರ ಜುಲೈ 1ರಂದು. ನಾಟಕವೆಂದರೆ ಇಂಗ್ಲೆಂಡಿನಿಂದಲೇ ಬರಬೇಕು ಎಂಬ ಭಾವನೆ ಆಗ ಬಲವಾಗಿತ್ತು. 1936ರಲ್ಲಿ ಲೆಸ್ಲಿ ರೀಸ್ ಅಲ್ಲಿ ನಾಟಕ ಸಂಪಾದಕರಾಗಿ ಸೇರಿದರು. ಬಂದ ಹಸ್ತಪ್ರತಿಗಳನ್ನು ಓದುವುದು, ಈ ನೆಲದವರಿಂದಲೇ ಬರೆಸುವುದು ಅವರು ಹಿಡಿದ ಕೆಲಸ. ಒಂದು ಪರಂಪರೆ ಬೆಳೆಯಲು ದೊಡ್ಡ ಸ್ಟುಡಿಯೊಗಿಂತ ಹೀಗೆ ಕೂತು ಓದುವ ಒಬ್ಬ ಮನುಷ್ಯ ಮುಖ್ಯ ಎಂದೇ ನನ್ನ ನಂಬಿಕೆ.

ನನಗೆ ದಾರಿ ತೋರಿಸಿದ್ದು 1941ರ ಜೂನ್‌ನಲ್ಲಿ ಪ್ರಸಾರವಾದ, ಡಗ್ಲಸ್ ಸ್ಟೂವರ್ಟ್ ಅವರ ‘ದಿ ಫೈರ್ ಆನ್ ದಿ ಸ್ನೋ’. ಸ್ಟೂವರ್ಟ್ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ, ಬರೆದು ಬಾಳಿದ್ದು ಸಿಡ್ನಿಯಲ್ಲಿ. ಕ್ಯಾಪ್ಟನ್ ಸ್ಕಾಟ್ ಮತ್ತು ನಾಲ್ವರು ಸಂಗಡಿಗರು 1912ರ ಜನವರಿ 17ರಂದು ದಕ್ಷಿಣ ಧ್ರುವ ಮುಟ್ಟಿದರು. ಆಮುಂಡ್ಸೆನ್ ತಿಂಗಳ ಹಿಂದೆಯೇ ಅಲ್ಲಿಗೆ ಬಂದು ಹೋಗಿದ್ದ. ವಾಪಸು ಬರುವ ದಾರಿಯಲ್ಲಿ ಐವರೂ ಸತ್ತರು. ಈ ಕಥೆಯನ್ನು ಸ್ಟೂವರ್ಟ್ ಪದ್ಯದಲ್ಲಿ, ರೇಡಿಯೊಗೆಂದೇ ಬರೆದರು. ಹಿಮದ ಬಯಲಿನಲ್ಲಿ ಶಬ್ದವೆಂದರೆ ಗಾಳಿ, ಹೆಜ್ಜೆ, ಉಸಿರು. ಮಿಕ್ಕದ್ದನ್ನೆಲ್ಲ ಮಾತೇ ಮಾಡಬೇಕು. ಆ ಬಿಳುಪು, ಆ ದೂರ, ಕಾಲು ಸೆಟೆದುಕೊಳ್ಳುವ ಚಳಿ ಎಲ್ಲವೂ ಪಾತ್ರಗಳ ಬಾಯಿಂದಲೇ ನಮ್ಮ ಕಿವಿಗೆ ಬರುತ್ತವೆ. ಓದಿ ಮುಗಿಸಿದಾಗ ನನಗೊಂದು ಸೂತ್ರ ಸಿಕ್ಕಿತ್ತು: ಶಬ್ದವನ್ನು ಸುಮ್ಮನೆ ಹಾಕಬಾರದು, ನಾಟಕದೊಳಗಿನ ಯಾರಿಗಾದರೂ ಆ ಶಬ್ದ ಬೇಕಾಗಿರಬೇಕು.

ಅದಕ್ಕೇ ನನ್ನ ನಾಟಕವನ್ನು ಪೂರ್ತಿ ಫೋನಿನಲ್ಲಿ ನಡೆಸಿದೆ. ಮಗ ಮೆಲ್ಬರ್ನ್‌ನಲ್ಲಿ, ತಾಯಿ ತಿಪಟೂರಿನಲ್ಲಿ. ಒಂದು ವರ್ಷದ ಫೋನ್ ಮಾತುಗಳೇ ಕಥೆ. ದೂರದಲ್ಲಿರುವ ತಾಯಿ ಮಾತಿಗಿಂತ ಮೊದಲು ಸದ್ದನ್ನೇ ಕೇಳಿಸಿಕೊಳ್ಳುತ್ತಾಳೆ, ಅದೇನೆಂದು ವಿಚಾರಿಸಿಯೇ ವಿಚಾರಿಸುತ್ತಾಳೆ. ಇಲ್ಲಿ ರಸ್ತೆ ದಾಟುವ ಜಾಗದಲ್ಲಿ ಒತ್ತುವ ಗುಂಡಿಯ ಕಂಬವೊಂದು ಇರುತ್ತದಲ್ಲ, ಅದು ಕಾಯುವಾಗ ನಿಧಾನಕ್ಕೆ ಟೊಕ್, ಟೊಕ್ ಎನ್ನುತ್ತದೆ. ದಾಟಬಹುದು ಎಂದಾಗ ಒಮ್ಮೆಲೇ ಟಟಟಟ ಎಂದು ಓಡುತ್ತದೆ. ಮೊದಲ ದೃಶ್ಯ ಅಲ್ಲಿಂದಲೇ:

“ಏನೋ ಅದು, ಟೊಕ್ಕು ಟೊಕ್ಕು ಅಂತ?”

“ರಸ್ತೆ ದಾಟೋ ಕಂಬ ಅಮ್ಮ. ಕಣ್ ಕಾಣ್ದೋರ್ಗೆ ಗೊತ್ತಾಗ್ಲಿ ಅಂತ ಇಟ್ಟಿದಾರೆ.”

“ಕಾಣೋರ್ಗೂ ಬೇಕು ಬಿಡು. ...ಇದೇನೋ ಜೋರಾಯ್ತು?”

“ಈಗ ದಾಟ್ಬೋದು.”

“ಮತ್ತೆ ದಾಟೋ, ನನ್ಹತ್ರ ಏನ್ ಮಾತು!”

ಅವನು ನಿಂತಿರುವ ಜಾಗ, ಹೊತ್ತು, ಅವಳ ದಿಗಿಲು, ಅಧಿಕಾರ ಎಲ್ಲ ಇಷ್ಟರಲ್ಲೇ ಬಂತು. ನಾಟಕದ ಕೊನೆಯ ಭಾಗದಲ್ಲಿ ಅದೇ ಟೊಕ್ ಟೊಕ್ ಮತ್ತೆ ಬರುತ್ತದೆ. ಈ ಸಲ ಅವಳು ಏನೂ ಕೇಳುವುದಿಲ್ಲ. ಟಟಟಟ ಶುರುವಾಗಿ ಮುಗಿಯುವ ತನಕ ಸುಮ್ಮನಿದ್ದು, ಆಮೇಲೆ “ಹ್ಞೂಂ, ಹೇಳೀಗ” ಎನ್ನುತ್ತಾಳೆ.

ಗಡಿಯಾರವೂ ನನಗೆ ನೆರವಾಯಿತು. ಚಳಿಗಾಲದಲ್ಲಿ ಮೆಲ್ಬರ್ನ್ ನಮ್ಮೂರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಮಗ ಸಂಜೆ ಆರಕ್ಕೆ ಆಫೀಸು ಬಿಟ್ಟು ಫೋನ್ ಮಾಡಿದರೆ ತಿಪಟೂರಿನಲ್ಲಿ ಮಧ್ಯಾಹ್ನ ಒಂದೂವರೆ, ತಾಯಿಯ ಊಟ ಆಗಿರುತ್ತದೆ, ಮನೆ ತಣ್ಣಗಿರುತ್ತದೆ. ಅಕ್ಟೋಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಅಲ್ಲಿಂದಾಚೆ ಅದೇ ಆರು ಗಂಟೆಯ ಫೋನು ತಾಯಿಗೆ ಹನ್ನೆರಡೂವರೆಗೆ ಬರುತ್ತದೆ, ಅಡುಗೆಯ ನಡುವೆ. ಕುಕ್ಕರ್ ಸೀಟಿ, ಒಗ್ಗರಣೆಯ ಚೊಂಯ್, ಮಿಕ್ಸಿ. ಈಗ ಕೇಳುವ ಸರದಿ ಮಗನದು: “ಏನ್ ಸಾರಮ್ಮ ಇವತ್ತು?” ಋತು ಬದಲಾಯಿತೆಂದು ಒಂದು ಮಾತೂ ಬರೆಯದೆ ಬೇಸಿಗೆ ಬಂತು.

ಧ್ವನಿಮುದ್ರಣದಲ್ಲಿ ಕಲಾವಿದರಿಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಕೊಟ್ಟೆವು. ಮುಖ ನೋಡುತ್ತಾ ಮಾತಾಡಿದರೆ ಅರ್ಧ ಭಾವ ಕಣ್ಣಿನಲ್ಲೇ ಖರ್ಚಾಗುತ್ತದೆ, ಮೈಕಿಗೆ ಉಳಿಯುವುದಿಲ್ಲ. ತಾಯಿಯ ಪಾತ್ರಕ್ಕೆ ತುಮಕೂರು ಕಡೆಯ ಹಿರಿಯರೊಬ್ಬರು ಸಿಕ್ಕರು. ಅವರು ಬಟ್ಟೆ ಬೀರುವಿನ ಬಾಗಿಲು ತೆಗೆದು, ಸೀರೆಗಳಿಗೆ ಮುಖ ಮಾಡಿ ಕೂತು ಮಾತಾಡಿದರು. ಸೀರೆಗಳು ಗೋಡೆಯ ಪ್ರತಿಧ್ವನಿಯನ್ನೆಲ್ಲ ಹೀರಿಕೊಂಡವು. ಫೋನಿನ ದನಿಗೆ ಹಳೇ ಲೆಕ್ಕ ಇದೆ: 300ರಿಂದ 3400 ಹರ್ಟ್ಸ್ ಒಳಗಿನದನ್ನು ಉಳಿಸಿ ಮಿಕ್ಕದ್ದನ್ನು ಕತ್ತರಿಸುವುದು. ಮೊದಲರ್ಧದಲ್ಲಿ ಮಗನ ದನಿ ತುಂಬಿದ್ದು, ತಾಯಿಯದು ಫೋನಿನೊಳಗಿನದು. ನಡುವೆ ಒಂದು ಕಡೆ ಅದನ್ನು ತಿರುಗಿಸಿದೆವು; ತಾಯಿಯ ದನಿ ಹತ್ತಿರವಾಯಿತು, ಮಗ ಸಣ್ಣಗಾದ. ಅಷ್ಟರಿಂದಲೇ ಕೇಳುಗ ತಿಪಟೂರಿನ ಅಂಗಳಕ್ಕೆ ಬಂದು ನಿಂತ. ಮಾತು ಮುಗಿದ ಮೇಲೆ ಆ ಎರಡು ಕೋಣೆಗಳ ಬರೀ ಮೌನವನ್ನೂ ಒಂದೊಂದು ನಿಮಿಷ ಮುದ್ರಿಸಿಕೊಂಡೆವು. ಮಾತಿನ ನಡುವೆ ಕತ್ತರಿ ಆಡಿಸಿದ ಜಾಗಕ್ಕೆ ಅದನ್ನು ತುಂಬದಿದ್ದರೆ ಕಿವಿಗೆ ಹಳ್ಳ ಬಿದ್ದಂತಾಗುತ್ತದೆ.

ಸದ್ದಿನಿಂದ ನಂಬಿಸುವ ಮಾತು ಬಂದಾಗಲೆಲ್ಲ ನನಗೆ 1938ರ ಆ್ಯಶಸ್ ಸರಣಿ ನೆನಪಾಗುತ್ತದೆ. ಬ್ರಾಡ್‌ಮನ್ ತಂಡ ಇಂಗ್ಲೆಂಡಿನಲ್ಲಿ ಆಡುತ್ತಿತ್ತು. ಅಲ್ಲಿಂದ ಓವರಿಗೊಂದರಂತೆ ತಂತಿ ಸಂದೇಶ ಬರುತ್ತಿತ್ತು. ಎಬಿಸಿಯ ಸಿಡ್ನಿ ಸ್ಟುಡಿಯೊದಲ್ಲಿ ಚಾರ್ಲ್ಸ್ ಮೋಸಸ್ ಮತ್ತು ಜೊತೆಯವರು ಅದನ್ನೇ ಹಿಡಿದು ಕಣ್ಣೆದುರು ಪಂದ್ಯ ನಡೆಯುತ್ತಿರುವಂತೆ ವೀಕ್ಷಕ ವಿವರಣೆ ಕೊಡುತ್ತಿದ್ದರು. ಬ್ಯಾಟಿಗೆ ಚೆಂಡು ತಗಲುವ ಸದ್ದು, ಪೆನ್ಸಿಲಿನಿಂದ ಮರದ ತುಂಡಿಗೆ ಕುಟ್ಟಿದ್ದು. ಚಪ್ಪಾಳೆ, ಗ್ರಾಮಫೋನ್ ತಟ್ಟೆಯದು. ಇದನ್ನು ನಾನು ನಾಟಕದ ಲೆಕ್ಕಕ್ಕೇ ಸೇರಿಸುತ್ತೇನೆ. ರಾತ್ರಿಯೆಲ್ಲ ಎದ್ದು ಕೂತು ಕೇಳುವವರಿಗೆ ಆ ಕುಟ್ಟುವ ಸದ್ದು ಬೇಕಾಗಿತ್ತು, ಅದಕ್ಕೇ ಅದು ನಿಜವಾಯಿತು.

ಗ್ವೆನ್ ಮೆರೆಡಿತ್ ಅವರ ಹೆಸರು ಹೇಳದೆ ಮುಂದೆ ಹೋಗಲಾರೆ. 1949ರ ಫೆಬ್ರವರಿಯಿಂದ 1976ರ ಸೆಪ್ಟೆಂಬರ್‌ವರೆಗೆ ಎಬಿಸಿಯಲ್ಲಿ ಅವರ ಧಾರಾವಾಹಿ ‘ಬ್ಲೂ ಹಿಲ್ಸ್’ ನಡೆಯಿತು, 5,795 ಕಂತು, ಬರೆದದ್ದು ಅವರೊಬ್ಬರೇ. ಕಂತಿಗೆ ಕಾಲು ಗಂಟೆ. ಊಟದ ಹೊತ್ತಿಗೆ ಹಳ್ಳಿಗಾಡಿನ ಅಡುಗೆಮನೆಗಳಲ್ಲಿ ಅದು ಕೇಳಿಸುತ್ತಿತ್ತು. ಕೈ ಕೆಲಸದಲ್ಲಿರುವ ಒಬ್ಬರಿಗಾಗಿ ಬರೆಯುವುದು ಹೇಗೆಂದು ಅವರನ್ನು ನೋಡಿ ಕಲಿಯಬೇಕು. ನಾನೂ ಹಸ್ತಪ್ರತಿಯನ್ನು ಯಾರಾದರೂ ಪಾತ್ರೆ ತೊಳೆಯುತ್ತಿರುವಾಗಲೇ ಗಟ್ಟಿಯಾಗಿ ಓದಿ ತಿದ್ದಿದೆ. ನಲ್ಲಿ ನೀರಿನ ಸದ್ದಿನಲ್ಲಿ ಕಳೆದುಹೋದ ಸಾಲನ್ನು ಮತ್ತೆ ಬರೆದೆ, ಬಹುಮಟ್ಟಿಗೆ ಗಿಡ್ಡ ಮಾಡಿ.

2012ರಲ್ಲಿ ಎಬಿಸಿ ರೇಡಿಯೊ ನ್ಯಾಷನಲ್ ತನ್ನ ‘ಏರ್‌ಪ್ಲೇ’ ನಾಟಕ ಕಾರ್ಯಕ್ರಮ ನಿಲ್ಲಿಸುವುದಾಗಿ ಹೇಳಿತು. ಹಣದ ಕಷ್ಟ ಅರ್ಥವಾಗುತ್ತದೆ, ಆದರೂ ಆ ನಿರ್ಧಾರ ತಪ್ಪೆಂದೇ ನನ್ನ ಅಭಿಪ್ರಾಯ. ಸಣ್ಣ ಭಾಷೆಯ, ಸಣ್ಣ ಊರಿನ ಬರಹಗಾರನಿಗೆ ಇಡೀ ದೇಶ ಕಿವಿಗೊಡುವ ಜಾಗ ಮತ್ತೆಲ್ಲಿದೆ?

ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಮುಂದಿನ ನಾಟಕ ಇಲ್ಲೇ ಹುಟ್ಟಿದ ಕಾಲೇಜು ಹುಡುಗಿಯೊಬ್ಬಳದು. ಅಜ್ಜಿಯ ಮಾತೆಲ್ಲ ಹಾಸನದ ಕನ್ನಡ, ಮೊಮ್ಮಗಳದು ಅರ್ಧ ಇಂಗ್ಲಿಷ್. ಹಾಗೇ ಇರಲಿ ಎಂದಿದ್ದೇನೆ. ಮೊದಲ ಪುಟದಲ್ಲಿ ಮಾತ್ರ ಕೋಣೆಯ ವರ್ಣನೆ ಉದ್ದಕ್ಕಿದೆ, ಗೋಡೆಯ ಬಣ್ಣದ ತನಕ. ‘ಇದರಲ್ಲಿ ಅಜ್ಜಿಗೆ ಯಾವುದು ಬೇಕು, ಅದನ್ನು ಅವಳ ಬಾಯಲ್ಲಿ ಕೇಳಿಸು’ ಎಂದು ಅಂಚಿನಲ್ಲಿ ಬರೆದು ವಾಪಸು ಕಳಿಸಿದ್ದೇನೆ.